ಹೋಮ್ ಜಿಮ್ ಯಂತ್ರ ತಗೊಳ್ಳೋ ಮುಂಚೆ ನನ್ನ 42 ಸಾವಿರದ ಕಥೆ ಓದಿ

ಹಬ್ಬದ ಆಫರ್ ಶುರುವಾಗುತ್ತಿದ್ದಂತೆ ಆಫೀಸಿನ ಗೆಳೆಯರೊಬ್ಬರು ಫೋಟೋ ಕಳಿಸಿದರು. ಕೆಂಪು ಸೀಟು, ಕಪ್ಪು ಕಂಬ, ಹಿಂದೆ ಒಂದರ ಮೇಲೊಂದು ಜೋಡಿಸಿದ ತೂಕದ ಪ್ಲೇಟುಗಳು. “ಸಾರ್, ಇದನ್ನ ತಗೊಂಡ್ಬಿಡ್ಲಾ? ಜಿಮ್ ಫೀಸ್ ಉಳಿಯುತ್ತೆ” ಅಂದರು. ಥೇಟ್ 2021ರ ನಾನೇ. ಬೇಡ ಅಂದೆ. ಯಾಕೆ ಬೇಡ ಅಂತ ಹೇಳಿ ಮುಗಿಸೋಕೆ ಮುಕ್ಕಾಲು ಗಂಟೆ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವಿರೋದು ಶಿವಮೊಗ್ಗದಲ್ಲಿ. ಎರಡನೇ ಲಾಕ್‌ಡೌನ್ ಮುಗಿದಿತ್ತು, ಜಿಮ್ಮಿಗೆ ಹೋಗೋಕೆ ಇನ್ನೂ ಭಯ. ಮಹಡಿ ಮೇಲೆ ಶೀಟು ಹೊದಿಸಿದ ಒಂದು ಕೋಣೆ ಖಾಲಿ ಬಿದ್ದಿತ್ತು. ಆನ್‌ಲೈನಿನಲ್ಲಿ ನೋಡಿ ಒಂದು ಮಲ್ಟಿ ಜಿಮ್ ಬುಕ್ ಮಾಡಿದೆ. 42 ಸಾವಿರ. ಎದೆ, ಬೆನ್ನು, ಭುಜ, ಕಾಲು ಎಲ್ಲಕ್ಕೂ ಒಂದೇ ಯಂತ್ರ, 70 ಕೆಜಿ ತೂಕ, 1 ವರ್ಷ ವಾರಂಟಿ. ಡಂಬಲ್ಸ್ ಯೋಚನೆ ಬಂದಿತ್ತು. ಆದರೆ ಕಬ್ಬಿಣದ ತುಂಡಿಗೆ ದುಡ್ಡು ಕೊಡೋದಕ್ಕಿಂತ ಯಂತ್ರಕ್ಕೆ ಕೊಟ್ಟರೆ ಏನೋ ದೊಡ್ಡದು ತಂದ ಹಾಗೆ ಅನಿಸುತ್ತದೆ, ಅಲ್ವಾ? ನನಗೂ ಹಾಗೇ ಅನಿಸಿತು.

ನಾಲ್ಕು ಪೆಟ್ಟಿಗೆಯಲ್ಲಿ ಬಂತು. ಡೆಲಿವರಿ ಹುಡುಗರು ಗೇಟಿನ ಹತ್ತಿರ ಇಳಿಸಿ ಹೋದರು, ಮಹಡಿಗೆ ಹತ್ತಿಸೋದು ನಮ್ಮ ಹಣೆಬರಹ. ಜೋಡಿಸೋಕೆ ನಾನು ಮತ್ತು ನನ್ನ ತಮ್ಮ ಒಂದು ಭಾನುವಾರ ಪೂರ್ತಿ ಕೂತೆವು. ಸಂಜೆ ಅಪ್ಪ ಮೇಲೆ ಬಂದು ನೋಡಿದರು. ಅವರು ವಯಸ್ಸಿನಲ್ಲಿ ದಾವಣಗೆರೆಯಲ್ಲಿ ಗರಡಿಗೆ ಹೋಗಿ ಸಾಮು ಮಾಡಿದವರು. ಯಂತ್ರದ ಸುತ್ತ ಒಂದು ಸುತ್ತು ಹಾಕಿ, “ಎಲ್ಲಾ ಕೂತ್ಕೊಂಡೇ ಮಾಡೋದಾ?” ಅಂತ ಕೇಳಿ ಕೆಳಗಿಳಿದು ಹೋದರು. ಆವತ್ತು ನನಗೆ ಸಿಟ್ಟು ಬಂದಿತ್ತು.

ಇಂಥ ಯಂತ್ರ ಕೊನೆಗೆ ಬಟ್ಟೆ ಒಣಗಿಸೋ ಸ್ಟ್ಯಾಂಡ್ ಆಗುತ್ತದೆ ಅಂತ ಎಲ್ಲರೂ ಜೋಕ್ ಮಾಡುತ್ತಾರೆ. ನಮ್ಮನೆಯಲ್ಲಿ ಹಾಗಾಗಲಿಲ್ಲ. ನಾನು ಅದನ್ನು ವಾರಕ್ಕೆ ನಾಲ್ಕು ದಿನ ನಿಜವಾಗಿಯೂ ಬಳಸಿದೆ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಮೂರು ತಿಂಗಳಲ್ಲಿ ನಾನು ತೂಕ ಆರಿಸೋ ಪಿನ್ನನ್ನು 60 ಕೆಜಿಗೆ ಹಾಕಿ ಕೂತುಕೊಂಡು ರೋಯಿಂಗ್, ಅಂದರೆ ಹ್ಯಾಂಡಲನ್ನು ಹೊಟ್ಟೆಯ ಕಡೆಗೆ ಎಳೆಯೋದು, ಮಾಡುತ್ತಿದ್ದೆ. ಎದೆ ಉಬ್ಬಿಸಿಕೊಂಡು ಓಡಾಡಿದ್ದೇ ಓಡಾಡಿದ್ದು. ಒಂದು ದಿನ ಅಡಿಗೆಮನೆಯ ಗ್ಯಾಸ್ ಸಿಲಿಂಡರ್ ಎತ್ತೋಕೆ ಹೋದೆ. ತುಂಬಿದ ಸಿಲಿಂಡರ್ ಅಂದರೆ ಒಳಗೆ 14.2 ಕೆಜಿ ಗ್ಯಾಸು, ಸಿಲಿಂಡರಿನದ್ದೇ ಹೆಚ್ಚುಕಮ್ಮಿ ಅಷ್ಟೇ ತೂಕ, ಒಟ್ಟು 30 ಕೆಜಿ ಆಸುಪಾಸು. ಎತ್ತಿದೆ, ಆದರೆ ಬೆವರು ಕಿತ್ತು ಬಂತು. 60 ಎಳೆಯೋನಿಗೆ 30 ಯಾಕೆ ಇಷ್ಟು ಭಾರ?

ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗೋ ಕೊಕ್ಕೆಯ ತಕ್ಕಡಿ ಮನೆಯಲ್ಲಿತ್ತು. ಅದನ್ನು ಹ್ಯಾಂಡಲ್ ಜಾಗದಲ್ಲಿ ಸಿಕ್ಕಿಸಿ ಎಳೆದು ನೋಡಿದೆ. ರಾಡನ್ನು ಮೇಲಿಂದ ಎದೆಗೆ ಎಳೆಯೋ ಲ್ಯಾಟ್ ಪುಲ್‌ಡೌನಿನಲ್ಲಿ ಪಿನ್ 40ಕ್ಕೆ ಹಾಕಿದರೆ, ಎಳೆಯುವಾಗ 43 ತೋರಿಸಿತು, ನಿಧಾನಕ್ಕೆ ಬಿಡುವಾಗ 34. ಆ ವ್ಯತ್ಯಾಸ ಪೂರ್ತಿ ಪುಲ್ಲಿಗಳ, ಅಂದರೆ ರಾಟೆಗಳ, ಉಜ್ಜಾಟ. ತೂಕ ಇಳಿಸುವಾಗ ಸ್ನಾಯುವಿಗೆ ಸಿಗಬೇಕಾದ ಕೆಲಸವನ್ನು ಯಂತ್ರವೇ ತಿಂದು ಹಾಕುತ್ತಿತ್ತು. ಸರಿ, ಇದು ಪರವಾಗಿಲ್ಲ. ಕೆಳಗಿನ ರೋಯಿಂಗಿಗೆ ಸಿಕ್ಕಿಸಿದೆ. ಪಿನ್ ಅದೇ 40. ತಕ್ಕಡಿ ತೋರಿಸಿದ್ದು 22.

ಕೇಬಲ್ ಹಾದು ಹೋಗಿರೋ ದಾರಿಯನ್ನು ಬೆರಳಿಟ್ಟು ಹಿಂಬಾಲಿಸಿದಾಗ ಅರ್ಥವಾಯಿತು. ಬಾವಿಯ ರಾಟೆ ಗೊತ್ತಲ್ಲ, ಒಂದೇ ಕಡೆ ಕೂತಿರುತ್ತದೆ. ಅದು ಎಳೆಯೋ ದಿಕ್ಕನ್ನು ಮಾತ್ರ ಬದಲಿಸುತ್ತದೆ, ಕೊಡದ ಭಾರ ಭಾರವೇ. ಈ ಯಂತ್ರದ ಕೆಳಗಡೆ ಇದ್ದದ್ದು ಕೇಬಲ್ ಜೊತೆ ತಾನೂ ಮೇಲೆ ಕೆಳಗೆ ಓಡಾಡೋ ರಾಟೆ. ಹೈಸ್ಕೂಲಿನಲ್ಲಿ ಓದಿದ್ದೇವೆ: ಅರ್ಧ ಬಲ ಸಾಕು, ಆದರೆ ಎರಡರಷ್ಟು ದೂರ ಎಳೆಯಬೇಕು. ಅಂದರೆ ನನ್ನ 60 ನಿಜಕ್ಕೂ 30ರ ಸುತ್ತಮುತ್ತ. ಇದು ಮೋಸ ಅಂತ ಪೂರ್ತಿ ಹೇಳೋಕಾಗಲ್ಲ, ಹೀಗೆ ಕಟ್ಟಿದ ಯಂತ್ರಗಳು ದೊಡ್ಡ ಜಿಮ್ಮಿನಲ್ಲೂ ಇರುತ್ತವೆ. ಆದರೆ ಕೊಳ್ಳೋನಿಗೆ ಯಾರೂ ಹೇಳಲ್ಲ. 70 ಕೆಜಿ ಅಂತ ದುಡ್ಡು ಕೊಟ್ಟೆ, ಅರ್ಧ ವ್ಯಾಯಾಮಗಳಲ್ಲಿ ನನಗೆ ಸಿಕ್ಕಿದ್ದು ಹೆಚ್ಚೆಂದರೆ 38. ಒಂದು ಪ್ಲೇಟು ತೆಗೆದು ತೂಗಿದರೆ, 5 ಅಂತ ಬರೆದಿದ್ದು 4.3 ಇತ್ತು. ಯಾಕೆ ಅಂತ ಆಮೇಲೆ ಗೊತ್ತಾಯಿತು, ಹೇಳುತ್ತೇನೆ.

ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಟ್‌ಲಿಫ್ಟಿಂಗಿನಲ್ಲಿ 56 ಕೆಜಿ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಒಂದೇ ಏಟಿಗೆ ತಲೆ ಮೇಲೆ ಎತ್ತೋ ಸ್ನ್ಯಾಚ್‌ನಲ್ಲಿ 111, ಭುಜಕ್ಕೆ ತಂದು ಆಮೇಲೆ ಎತ್ತೋ ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆಜಿ. ಆ 138 ಆಸ್ಟ್ರೇಲಿಯಾದಲ್ಲೂ 138, ಕುಂದಾಪುರದಲ್ಲೂ 138. ನನ್ನ 60 ಆ ಶೀಟಿನ ಕೋಣೆಯೊಳಗೆ ಮಾತ್ರ 60.

ಇನ್ನು ಅಳತೆಯ ಕಥೆ. ನಾನು 5 ಅಡಿ 10 ಇಂಚು, ನನ್ನ ಹೆಂಡತಿ 5 ಅಡಿ. ಸೀಟು ಮೇಲೆ ಕೆಳಗೆ ಆಗೋದಿಲ್ಲ. ಅವಳು ಹಿಡಿಯನ್ನು ಎದೆಯಿಂದ ಮುಂದಕ್ಕೆ ತಳ್ಳೋ ಚೆಸ್ಟ್ ಪ್ರೆಸ್‌ಗೆ ಕೂತರೆ ಹಿಡಿ ಅವಳ ಕುತ್ತಿಗೆ ಹತ್ತಿರ ಬರುತ್ತಿತ್ತು. ಸೀಟಿನ ಮೇಲೆ ದಿಂಬು, ದಿಂಬಿನ ಕೆಳಗೆ ಮಡಚಿದ ಕಂಬಳಿ ಇಟ್ಟು ನೋಡಿದೆವು. ಕಾಲಿನದ್ದು ಇನ್ನೂ ಕಷ್ಟ. ಕೂತು ಕಾಲನ್ನು ಮುಂದಕ್ಕೆ ಚಾಚೋ ಲೆಗ್ ಎಕ್ಸ್‌ಟೆನ್ಷನಿನಲ್ಲಿ ಯಂತ್ರದ ಕೀಲು ಮತ್ತು ನಮ್ಮ ಮಂಡಿಯ ಕೀಲು ಒಂದೇ ಸಾಲಿಗೆ ಬರಬೇಕು. ಅವಳದ್ದು ನಾಲ್ಕು ಬೆರಳು ಆಚೆ ಈಚೆ. ಮೂರನೇ ವಾರ ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿದುಕೊಂಡು, “ರೀ, ಇದು ನಿಮ್ಮ ಅಳತೆಗೆ ಮಾಡಿದ್ದು, ನನಗೆ ಬೇಡ” ಅಂದಳು. ನಿಜ ಹೇಳಬೇಕೆಂದರೆ ಅದು ನನ್ನ ಅಳತೆಗೂ ಮಾಡಿದ್ದಲ್ಲ.

ಮಲೆನಾಡಿನ ಅಂಚಿನ ಮಳೆಗಾಲ ಬೇರೆ. ತೂಕದ ಪ್ಲೇಟುಗಳು ಜಾರೋ ಎರಡು ಕಂಬಿಗಳಿಗೆ ಜುಲೈನಲ್ಲೇ ತುಕ್ಕು ಹಿಡಿಯಿತು. ಪ್ಲೇಟುಗಳು ಅರ್ಧಕ್ಕೆ ಸಿಕ್ಕಿಕೊಂಡು ದಡಕ್ಕನೆ ಬೀಳುತ್ತಿದ್ದವು. ಬುದ್ಧಿವಂತ ನಾನು ಕೊಬ್ಬರಿ ಎಣ್ಣೆ ಹಚ್ಚಿದೆ. ಧೂಳು ಕೂತು ಅದು ಹಲಸಿನ ಮೇಣದ ಹಾಗಾಯಿತು. ಅಲ್ಲಿಗೆ ಹಾಕಬೇಕಾದದ್ದು ಸಿಲಿಕಾನ್ ಸ್ಪ್ರೇ ಅಂತೆ.

ಎರಡನೇ ವರ್ಷ ಕೇಬಲ್ಲಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದು ಪುಲ್ಲಿಯ ಹತ್ತಿರ ಬಿರುಕು ಬಿಟ್ಟಿತು. ಬೆರಳಾಡಿಸಿದರೆ ಒಳಗಿನ ಉಕ್ಕಿನ ಎಳೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ: ಕೇಬಲ್ ಚುಚ್ಚಿತು ಅಂದರೆ ಆವತ್ತೇ ಆ ಯಂತ್ರ ಬಂದ್. ನಾನು ಮಾಡಲಿಲ್ಲ. ಇನ್ನೊಂದು ವಾರ ಓಡಲಿ ಅಂದುಕೊಂಡೆ. ಒಂದು ಸಂಜೆ ಲ್ಯಾಟ್ ಪುಲ್‌ಡೌನಿನಲ್ಲಿ ಎಂಟನೇ ಸಲ ಎಳೆಯುವಾಗ ಠಪ್ ಅಂತು. ತಲೆಯ ಮೇಲಿದ್ದ ರಾಡು ನಾನು ಎಳೆದ ರಭಸಕ್ಕೇ ನನ್ನ ಹುಬ್ಬಿಗೆ ಬಂದು ಹೊಡೆಯಿತು. ಹಿಂದೆ ತೂಕವೆಲ್ಲ ಧಡಾರ್ ಅಂತ ಬಿತ್ತು, ನಾನು ಸೀಟಿನಿಂದ ಹಿಂದಕ್ಕೆ ಬಿದ್ದೆ. ಮೂರು ಹೊಲಿಗೆ. ಒಂದು ಇಂಚು ಕೆಳಗೆ ಬಿದ್ದಿದ್ದರೆ ಕಣ್ಣು.

ಕಂಪನಿಗೆ ಫೋನ್ ಮಾಡಿದೆ. ವಾರಂಟಿ ಮುಗಿದಿತ್ತು. ಇದ್ದಿದ್ದರೂ ಉಪಯೋಗವಿರಲಿಲ್ಲ. ಕಾರ್ಡಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಕೇಬಲ್, ಪುಲ್ಲಿ, ಫೋಮು, ಸೀಟಿನ ರೆಕ್ಸಿನ್ ವಾರಂಟಿಗೆ ಸೇರಲ್ಲ ಅಂತ ಬರೆದಿತ್ತು. ಹಾಳಾಗೋದೇ ಇವು ನಾಲ್ಕು. ಹಾಳಾಗದ ಕಬ್ಬಿಣದ ಕಂಬಕ್ಕೆ ವಾರಂಟಿ! ಆ ಮಾಡೆಲ್ ನಿಂತುಹೋಗಿದೆ, ಕೇಬಲ್ ಸಿಗಲ್ಲ ಅಂದರು. ಊರಿನ ಹಾರ್ಡ್‌ವೇರ್ ಅಂಗಡಿಯವರು ವೈರ್ ರೋಪ್ ಕೊಟ್ಟು ತುದಿಗೆ ಕ್ಲಾಂಪ್ ಹಾಕಿಕೊಟ್ಟರು. ಆ ಕ್ಲಾಂಪ್ ಪುಲ್ಲಿಯೊಳಗೆ ತೂರಲಿಲ್ಲ. ಬೈಕ್ ಮೆಕ್ಯಾನಿಕ್ ಒಬ್ಬ ಕ್ಲಚ್ ವೈರ್ ಹಾಕಿಕೊಡ್ತೀನಿ ಅಂದ. ಹುಬ್ಬು ಮುಟ್ಟಿ ನೋಡಿಕೊಂಡು ವಾಪಸ್ ಬಂದೆ.

ಮಾರೋಣ ಅಂತ ಓಎಲ್‌ಎಕ್ಸ್‌ಗೆ ಹಾಕಿದೆ. ಒಬ್ಬರು ಭದ್ರಾವತಿಯಿಂದ ಬಂದರು, ನಮ್ಮ ಮೆಟ್ಟಿಲು ನೋಡಿದರು, ಕಾಫಿ ಕುಡಿದು ಹೋದರು. ಕೊನೆಗೆ ಗುಜರಿಯವನನ್ನು ಕರೆದೆ. ಅವನು ಪ್ಲೇಟಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, “ಸಾರ್, ಇದು ಸಿಮೆಂಟು” ಅಂದ. ನಾನು ನಂಬಲಿಲ್ಲ. ಒಂದನ್ನು ಎತ್ತಿ ಮೂಲೆಗೆ ಸುತ್ತಿಗೆಯಲ್ಲಿ ಹೊಡೆದ. ಕಪ್ಪು ಪ್ಲಾಸ್ಟಿಕ್ ಒಡೆದು ಬೂದು ಪುಡಿ ತಾರಸಿ ಮೇಲೆ ಸುರಿಯಿತು. 50 ಕೆಜಿ ಸಿಮೆಂಟ್ ಮೂಟೆಗೆ ಆಗ ನಾನೂರು ರೂಪಾಯಿ ಆಸುಪಾಸು. ನಾನು ಅದನ್ನು ಬಣ್ಣದ ಡಬ್ಬದಲ್ಲಿ ತರಿಸಿ ಎರಡು ವರ್ಷ ಎಳೆದಿದ್ದೆ. ಕಬ್ಬಿಣದ ಚೌಕಟ್ಟಿಗೆ 1,900 ಕೊಟ್ಟ. ಸಿಮೆಂಟ್ ಪ್ಲೇಟುಗಳನ್ನು ಬಿಟ್ಟು ಹೋದ. ಅವು ಈಗ ಗಿಡದ ಕುಂಡಗಳ ಕೆಳಗಿವೆ.

ಇಷ್ಟು ಹೇಳಿದ ಮೇಲೆ ಒಂದು ನ್ಯಾಯದ ಮಾತು. ಯಂತ್ರ ಅನ್ನೋದೇ ಕೆಟ್ಟದ್ದಲ್ಲ. ಮಾಂಸಖಂಡ ಬೆಳೆಯೋ ವಿಷಯದಲ್ಲಿ ಯಂತ್ರಕ್ಕೂ ಡಂಬಲ್, ರಾಡಿನಂಥ ಫ್ರೀ ವೇಟ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಂಶೋಧನೆಗಳಲ್ಲಿ ಕಂಡಿಲ್ಲ. ಯಾವುದರಲ್ಲಿ ಅಭ್ಯಾಸ ಮಾಡುತ್ತೀರೋ ಅದರಲ್ಲಿ ಶಕ್ತಿ ಜಾಸ್ತಿ ಕಾಣುತ್ತದೆ, ಅಷ್ಟೇ. ಒಳ್ಳೆಯ ಜಿಮ್ಮಿನ ಲಕ್ಷಾಂತರ ರೂಪಾಯಿಯ ಯಂತ್ರಗಳಲ್ಲಿ ಸೀಟು ಏರುತ್ತದೆ, ಇಳಿಯುತ್ತದೆ, ಕೇಬಲ್ ಬದಲಿಸೋಕೆ ಜನ ಇರುತ್ತಾರೆ. ನಾನು ಬೇಡ ಅನ್ನುತ್ತಿರೋದು ಅದೇ ವೇಷ ಹಾಕಿಕೊಂಡು ಮನೆಗೆ ಬರೋ ಅಗ್ಗದ ತಮ್ಮನನ್ನು.

ರಬ್ಬರ್, ಸ್ಪ್ರಿಂಗು, ಬಾಗೋ ಕಡ್ಡಿಗಳ ಯಂತ್ರಗಳ ಬಗ್ಗೆಯೂ ಗೆಳೆಯರು ಕೇಳಿದರು. ಅದರಲ್ಲಿ ಸಿಮೆಂಟಿನ ರಗಳೆ ಇಲ್ಲ, ಹಗುರ. ಆದರೆ ಶುರುವಿನಲ್ಲಿ ಸಡಿಲ, ಎಳೆದಷ್ಟೂ ಬಿಗಿ. ಬಾಹ್ಯಾಕಾಶ ನಿಲ್ದಾಣದಲ್ಲಿ ಮೊದಲು ಗಗನಯಾತ್ರಿಗಳಿಗೆ ಇಟ್ಟಿದ್ದದ್ದು ರಬ್ಬರ್ ಎಳೆತದ ಯಂತ್ರವೇ. ಸುಮಾರು 136 ಕೆಜಿಗಿಂತ ಹೆಚ್ಚು ಎಳೆತ ಅದರಿಂದ ಸಿಗುತ್ತಿರಲಿಲ್ಲ, ಮೂಳೆ ಸವೆಯೋದನ್ನು ತಡೆಯೋಕೆ ಅಷ್ಟು ಸಾಲಲಿಲ್ಲ. 2008ರ ಕೊನೆಯಲ್ಲಿ ನಿರ್ವಾತದ ಸಿಲಿಂಡರ್ ಇರೋ ಬೇರೆ ಯಂತ್ರ ಕಳಿಸಿದರು, ಅದರ ಮಿತಿ 272 ಕೆಜಿ. ಪಾಪ, ಅಲ್ಲಿ ಕಬ್ಬಿಣಕ್ಕೆ ಭಾರವೇ ಇಲ್ಲ, ಬೇರೆ ದಾರಿ ಇಲ್ಲ. ಶಿವಮೊಗ್ಗದಲ್ಲಿ ಗುರುತ್ವಾಕರ್ಷಣೆಗೇನೂ ಬರ ಬಂದಿಲ್ಲ.

ಈಗ ನನ್ನ ಹತ್ತಿರ ಇರೋದು ಇಷ್ಟು: ಮುಚ್ಚಿಹೋದ ಒಂದು ಜಿಮ್ಮಿನಿಂದ ತಂದ 60 ಕೆಜಿ ಎರಕದ ಕಬ್ಬಿಣದ ಪ್ಲೇಟು, ಒಂದು 5 ಅಡಿ ರಾಡು, ಎರಡು ಡಂಬಲ್ ರಾಡು, ಒಂದು ಬೆಂಚು, ಕೆಳಗೆ ರಬ್ಬರ್ ಮ್ಯಾಟು. ಎಲ್ಲ ಸೇರಿ 11 ಸಾವಿರ. ಮಳೆಗಾಲದಲ್ಲಿ ಇದಕ್ಕೂ ತುಕ್ಕು ಹಿಡಿಯುತ್ತದೆ. ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಆಯಿತು. ಹೆಂಡತಿ ಅವಳ ಡಂಬಲ್‌ಗೆ ಎರಡೂವರೆ ಕೆಜಿ ಪ್ಲೇಟು ಹಾಕಿಕೊಳ್ಳುತ್ತಾಳೆ. ಸೀಟಿನ ಎತ್ತರದ ಜಗಳವಿಲ್ಲ.

ಹಾಗಂತ ಇದರಲ್ಲೂ ಹುಷಾರು. ಮನೆಯಲ್ಲಿ ಒಬ್ಬರೇ ಇದ್ದಾಗ ಬೆಂಚಿನ ಮೇಲೆ ಮಲಗಿ ರಾಡಿನಲ್ಲಿ ಬೆಂಚ್ ಪ್ರೆಸ್ ಮಾಡಬೇಡಿ. ಎದೆಯ ಮೇಲೆ ಸಿಕ್ಕಿಕೊಂಡರೆ ಎತ್ತೋರಿಲ್ಲ. ಡಂಬಲ್ಸ್ ಆದರೆ ಪಕ್ಕಕ್ಕೆ ಬಿಡಬಹುದು. ಪಿವಿಸಿ ಡಂಬಲ್ಸ್ ಅಂತ ಕಡಿಮೆ ರೇಟಿಗೆ ಬರುತ್ತವಲ್ಲ, ಅದರೊಳಗೂ ಸಾಮಾನ್ಯವಾಗಿ ನಮ್ಮ ಹಳೇ ಸಿಮೆಂಟು, ಮರಳು ಇರೋದೇ. ತಿರುಗಿಸಿ ತೂಕ ಬದಲಿಸೋ ಡಂಬಲ್ಸ್ ಕೊಳ್ಳುವುದಾದರೂ ಒಂದು ವಿಷಯ ಗೊತ್ತಿರಲಿ. 2025ರ ಜೂನಿನಲ್ಲಿ ಅಮೆರಿಕದಲ್ಲಿ ಬೋಫ್ಲೆಕ್ಸ್ ಬ್ರಾಂಡಿನ 552 ಮತ್ತು 1090 ಮಾಡೆಲ್‌ಗಳ ಸುಮಾರು 38 ಲಕ್ಷ ಡಂಬಲ್‌ಗಳನ್ನು ವಾಪಸ್ ಕರೆಸಿಕೊಂಡರು, ಎತ್ತಿದಾಗ ಪ್ಲೇಟು ಕಳಚಿ ಬೀಳುತ್ತಿದ್ದವು ಅಂತ. ನಟ್ಟು ತಿರುಗಿಸಿ ಬಿಗಿ ಮಾಡೋ ಹಳೇ ರಾಡು ನಿಧಾನ, ಆದರೆ ಬಿಗಿಯಾಗಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ.

ಯಂತ್ರವೇ ಬೇಕು ಅಂತ ಹಟ ಇದ್ದರೆ ಫೋಟೋ ನೋಡಿ ಕೊಳ್ಳಬೇಡಿ. ಅಂಗಡಿಗೆ ಕೊಕ್ಕೆಯ ತಕ್ಕಡಿ ತೆಗೆದುಕೊಂಡು ಹೋಗಿ, ಪ್ರತಿ ಹ್ಯಾಂಡಲ್ಲಿಗೂ ಸಿಕ್ಕಿಸಿ ಎಳೆದು ನೋಡಿ. ನಗುತ್ತಾರೆ, ನಗಲಿ. ಪ್ಲೇಟಿನ ಮೇಲೆ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಿ. ಮನೆಯಲ್ಲಿ ಎಲ್ಲರಿಗಿಂತ ಕುಳ್ಳಗಿರೋರನ್ನು ಕರೆದುಕೊಂಡು ಹೋಗಿ ಕೂರಿಸಿ. ಬದಲಿ ಕೇಬಲ್ಲಿನ ಒಂದು ಸೆಟ್ ಅವತ್ತೇ ಕೊಂಡುಕೊಳ್ಳಿ, ಕೊಡೋಕಾಗಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಇಷ್ಟೆಲ್ಲ ಕೇಳಿದ ಮೇಲೆ ಗೆಳೆಯರು, “ಸರಿ ಸಾರ್, ಹೊಸದು ಬೇಡ. ಓಎಲ್‌ಎಕ್ಸ್‌ನಲ್ಲಿ ಒಂದು 9 ಸಾವಿರಕ್ಕಿದೆ. ಜಾಸ್ತಿ ಬಳಸಿಲ್ಲ, ಜಾಗ ಇಲ್ಲ ಅಂತ ಮಾರ್ತಾ ಇದಾರೆ” ಅಂದರು.

ನಾನೂ ಹಾಗೇ ಬರೆದು ಹಾಕಿದ್ದೆ.