ಮ್ಯಾಗ್ನೆಟಿಕ್ ಸೈಕಲ್ ಟ್ರೈನರ್: ಕಾಸರಗೋಡಿನ ಮೂರು ಮಳೆಗಾಲ ಕಂಡ ಮೇಲೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕರಾವಳಿಯಲ್ಲಿದ್ದು, ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್‌ಗೆ ಹೊಸದಾಗಿ ಇಳಿಯುವವರು ಸೈಕಲನ್ನು ಮನೆಯೊಳಗೆ ನಿಂತಲ್ಲೇ ತುಳಿಯಲು ಬಿಡುವ ಈ ಟ್ರೈನರನ್ನು ಧಾರಾಳವಾಗಿ ತಗೊಳ್ಳಬಹುದು. ಆದರೆ ಮಳೆಗಾಲಕ್ಕೆ ಮಾತ್ರ. ವರ್ಷವಿಡೀ ಇದರ ಮೇಲೇ ಕೂತರೆ ಸೈಕಲ್ ತುಳಿಯಲು ಬರುತ್ತದೆ, ಓಡಿಸಲು ಬರುವುದಿಲ್ಲ.

ನನ್ನ ಹತ್ತಿರ ಇರುವುದು ವೀಲ್-ಆನ್ ಟ್ರೈನರ್. ಒಂದು ಕಬ್ಬಿಣದ ಸ್ಟ್ಯಾಂಡು ಸೈಕಲ್‌ನ ಹಿಂದಿನ ಆಕ್ಸಲನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತದೆ. ಹಿಂದಿನ ಟಯರ್ ಒಂದು ರೋಲರ್‌ಗೆ ತಾಗಿ ತಿರುಗುತ್ತದೆ, ಒಳಗಿನ ಅಯಸ್ಕಾಂತ ಭಾರ ಕೊಡುತ್ತದೆ. ಹ್ಯಾಂಡಲಿಗೆ ಸಿಕ್ಕಿಸುವ ಲಿವರ್‌ನಲ್ಲಿ ಭಾರ ಜಾಸ್ತಿ ಕಮ್ಮಿ ಮಾಡಬಹುದು. ಅಷ್ಟೇ. ಕರೆಂಟು ಬೇಡ, ಆ್ಯಪ್ ಬೇಡ. ಬೆಲೆ 15,000 ರೂಪಾಯಿಯ ಒಳಗೇ ಆಯಿತು. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಹೇಗೂ ಬೇರೆ ಬೇರೆ ಹೆಸರಿನಲ್ಲಿ ಬರುವ ಈ ಮಾಲೆಲ್ಲ ಹೆಚ್ಚುಕಮ್ಮಿ ಒಂದೇ ತರ ಇರುತ್ತದೆ.

ಇದು ಯಾಕೆ ಬೇಕಾಯಿತು ಎಂದರೆ ಗೋವಾದಿಂದಾಗಿ. ನಮಗೆ ರೈಲಿನಲ್ಲಿ ಹೋಗಿ ಬರಬಹುದಾದ ದೊಡ್ಡ ಟ್ರಯಥ್ಲಾನ್ ಅಲ್ಲಿನ ಐರನ್‌ಮ್ಯಾನ್ 70.3. ಮಿರಾಮಾರ್ ಕಡಲಲ್ಲಿ 1.9 ಕಿ.ಮೀ. ಈಜು, ಮತ್ತೆ 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ. ಎಲ್ಲ ಎಂಟೂವರೆ ಗಂಟೆಯೊಳಗೆ ಮುಗಿಯಬೇಕು. 2019ರಲ್ಲಿ ಶುರುವಾದ ಇದು ನಡೆಯುವುದು ಅಕ್ಟೋಬರ್ ಇಲ್ಲವೇ ನವೆಂಬರಿನಲ್ಲಿ. ಈಗ ಹಿಂದಕ್ಕೆ ಲೆಕ್ಕ ಹಾಕಿ. ಹೊಸಬರಿಗೆ ಐದಾರು ತಿಂಗಳ ತಯಾರಿ ಬೇಕು. ಅಂದರೆ ತಯಾರಿಯ ತಿಂಗಳುಗಳೆಲ್ಲ ನಮ್ಮ ಮಳೆಗಾಲವೇ! ಬೆಂಗಳೂರಿನವರು ಆಗ ಆರಾಮಾಗಿ ನಂದಿಬೆಟ್ಟ ಹತ್ತುತ್ತಿರುತ್ತಾರೆ. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯಲ್ಲಿ ಹೆಚ್ಚಿನ ಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಚೆರ್ಕಳ–ಕಲ್ಲಡ್ಕ ರಸ್ತೆಗೆ ತೆಳ್ಳಗಿನ ಟಯರಿನ ರೋಡ್ ಬೈಕ್ ಇಳಿಸಿ ನೋಡಿ. ನೀರು ನಿಂತ ಮೇಲೆ ಹೊಂಡ ಯಾವುದು, ರಸ್ತೆ ಯಾವುದು ಅಂತ ಗೊತ್ತಾಗುವುದಿಲ್ಲ. ಹೆದ್ದಾರಿ 66ರಲ್ಲಿ ಲಾರಿ ಎರಚುವ ನೀರಿನ ಕತೆ ಬೇರೆ.

ಹಾಗಾಗಿ ಬದಿಯಡ್ಕದ ಹತ್ತಿರದ ನಮ್ಮ ಮನೆಯ ಅಡಿಕೆ ಕೊಟ್ಟಿಗೆಗೆ ಟ್ರೈನರ್ ಬಂತು. ಸಾಮಾನಿನ ಜತೆ ಹಾಸಲು ಏನೂ ಕೊಡುವುದಿಲ್ಲ. ಆನ್‌ಲೈನ್‌ನಲ್ಲಿ ಟ್ರೈನರ್ ಮ್ಯಾಟ್ ಅಂತ ಸಿಗುವುದಕ್ಕೆ ಸಾವಿರಗಟ್ಟಲೆ ಬೆಲೆ. ನಾನು ಹಟ್ಟಿಯಲ್ಲಿ ದನಗಳಿಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಹಾಕಿದೆ. ಅದಕ್ಕಿಂತ ಒಳ್ಳೆಯದು ಇಲ್ಲ. ನೆಲ ನಡುಗುವುದಿಲ್ಲ, ಬೆವರು ಒರೆಸುವುದೂ ಸುಲಭ. ಸದ್ದು ಮಾತ್ರ ದೂರದಲ್ಲಿ ಮಿಕ್ಸಿ ಓಡಿದ ಹಾಗೆ ಕೇಳುತ್ತಲೇ ಇರುತ್ತದೆ. ಅಮ್ಮ ಸೀರಿಯಲ್ ನೋಡುವ ಹೊತ್ತಿಗೆ ತುಳಿಯಬಾರದು ಎಂದು ಮನೆಯಲ್ಲಿ ಒಪ್ಪಂದ ಆಗಿದೆ. ಮೊದಲ ವಾರ ಪಕ್ಕದ ಮನೆಯ ಭಾವ ಬಂದು ಸ್ವಲ್ಪ ಹೊತ್ತು ನಿಂತು ನೋಡಿದರು. “ಎಂತ ಮಾರಾಯ, ಇಷ್ಟು ತುಳಿದರೂ ನಿನಗೆ ಗೇಟು ದಾಟ್ಲಿಕ್ಕೆ ಆಗಲಿಲ್ಲವಲ್ಲ!” ಅಂದರು.

ಸ್ಮಾರ್ಟ್ ಟ್ರೈನರ್ ಯಾಕೆ ಬೇಡ ಎಂದು ಕೆಲವರು ಕೇಳುತ್ತಾರೆ. ಅದು ನಾವು ತುಳಿಯುವ ಶಕ್ತಿ ಎಷ್ಟು ವಾಟ್ ಎಂದು ತೋರಿಸುತ್ತದೆ, ಪರದೆಯಲ್ಲಿ ಕಾಣುವ ರಸ್ತೆಗೆ ಏರು ಬಂದರೆ ತಾನೇ ಭಾರ ಏರಿಸುತ್ತದೆ, ನಿಜ. ಒಳ್ಳೆಯದು ಬೇಕಾದರೆ ಅರ್ಧ ಲಕ್ಷ ಎಣಿಸಬೇಕು. ಅದರ ಮೇಲೆ ಕರೆಂಟಿನ ಮರ್ಜಿ. ಗಾಳಿಗೆ ಎಲ್ಲೋ ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೆ ಆ ದಿನದ ಅಭ್ಯಾಸ ಮುಗಿದ ಹಾಗೆ. ನನ್ನದಕ್ಕೆ ಆ ಚಿಂತೆ ಇಲ್ಲ. ಫ್ಯಾನಿಗೆ ಇನ್ವರ್ಟರ್ ಸಾಕು. ಫ್ಯಾನ್ ಮಾತ್ರ ಬೇಕೇ ಬೇಕು. ನಿಂತಲ್ಲೇ ತುಳಿಯುವಾಗ ಎದುರು ಗಾಳಿ ಇರುವುದಿಲ್ಲ, ನಮ್ಮ ಸೆಕೆಗೆ ಬೆವರು ಆರುವುದೂ ಇಲ್ಲ. ಅಷ್ಟೇ ಶ್ರಮಕ್ಕೆ ಎದೆಬಡಿತ ಮೇಲೆ ಮೇಲೆ ಹೋಗುತ್ತದೆ.

ವಾಟ್ ತೋರಿಸದಿದ್ದರೆ ಸುಧಾರಿಸಿದ್ದು ಗೊತ್ತಾಗುವುದು ಹೇಗೆ? ಇದಕ್ಕೆ ಒಂದು ಉಪಾಯ ಇದೆ. ಟಯರಿನ ಗಾಳಿ ಪ್ರತಿ ಸಲ ಒಂದೇ ಇರಲಿ, ನಾನು 100 ಪಿಎಸ್‌ಐ ಹಾಕುತ್ತೇನೆ. ರೋಲರ್ ಟಯರಿಗೆ ತಾಗಿದ ಮೇಲೆ ಹಿಂದಿನ ತಿರುಪನ್ನು ಎರಡು ಸುತ್ತು ಬಿಗಿ ಮಾಡುತ್ತೇನೆ. ಲಿವರ್ ಮೂರನೇ ಮೆಟ್ಟಿಲಲ್ಲಿ. ಇಷ್ಟು ಬದಲಾಗದಿದ್ದರೆ ಹಿಂದಿನ ಚಕ್ರದ ಸ್ಪೀಡೇ ನಿಮ್ಮ ಮಾಪಕ. ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ ಮತ್ತು ಸ್ಪೀಡ್ ಸೆನ್ಸರ್ ಸಾಕು, ಎರಡೂ ಫೋನಿಗೆ ಬ್ಲೂಟೂತ್‌ನಲ್ಲಿ ಸಿಗುತ್ತವೆ. ಜೂನ್‌ನಲ್ಲಿ 140ರ ಎದೆಬಡಿತಕ್ಕೆ ಬರುತ್ತಿದ್ದ ಸ್ಪೀಡು ಆಗಸ್ಟ್‌ನಲ್ಲಿ ಅದಕ್ಕಿಂತ ಕಮ್ಮಿ ಬಡಿತಕ್ಕೇ ಬಂದರೆ ತಯಾರಿ ಸರಿದಾರಿಯಲ್ಲಿದೆ ಎಂದರ್ಥ. ಮೊದಲ ಹತ್ತು ನಿಮಿಷದ ಲೆಕ್ಕ ಮಾತ್ರ ಬಿಡಿ. ರೋಲರ್ ಮತ್ತು ಟಯರ್ ಬಿಸಿಯಾಗುವ ತನಕ ಸಂಖ್ಯೆ ಹತ್ತಿ ಇಳಿಯುತ್ತಿರುತ್ತದೆ.

ಹೊಸಬರು ವಾರದ ಹೆಚ್ಚಿನ ತುಳಿತವನ್ನು ಮಾತಾಡಲು ದಮ್ಮು ಇರುವಷ್ಟು ನಿಧಾನಕ್ಕೆ ಮಾಡಬೇಕು. ವಾರಕ್ಕೊಮ್ಮೆ ಎಂಟು ಎಂಟು ನಿಮಿಷದ ಗಟ್ಟಿ ತುಳಿತ ಸಾಕು. ಟ್ರೈನರಿನಲ್ಲಿ ಇಳಿಜಾರು ಇಲ್ಲ, ಕಾಲಿಗೆ ಬಿಡುವೇ ಇಲ್ಲ. ಸೈಕಲ್ ಅತ್ತಿತ್ತ ವಾಲುವುದಿಲ್ಲವಾದ್ದರಿಂದ ಕೂರುವ ಜಾಗಕ್ಕೆ ನೋವು ರಸ್ತೆಗಿಂತ ಬೇಗ ಬರುತ್ತದೆ. ಕಾಲು ಗಂಟೆಗೊಮ್ಮೆ ಎದ್ದು ನಿಂತು ತುಳಿಯಿರಿ. ಇದರ ಅತಿ ದೊಡ್ಡ ಲಾಭ ನನ್ನ ಲೆಕ್ಕದಲ್ಲಿ ಬ್ರಿಕ್ ಅಭ್ಯಾಸ. ಸೈಕಲಿಂದ ಇಳಿದ ಕೂಡಲೇ ಓಡುವುದಕ್ಕೆ ಬ್ರಿಕ್ ಎನ್ನುತ್ತಾರೆ. ಕೊಟ್ಟಿಗೆಯಲ್ಲಿ ಒಂದು ಗಂಟೆ ತುಳಿದು, ಶೂ ಬದಲಿಸಿ, ಮಳೆಯಲ್ಲೇ ರಸ್ತೆಗೆ ಓಡಿದರಾಯಿತು. ತಿನ್ನುವ ಕುಡಿಯುವ ಅಭ್ಯಾಸಕ್ಕೂ ಒಳ್ಳೆಯ ಜಾಗ. ದೂರದ ಸ್ಪರ್ಧೆಗಳಲ್ಲಿ ಗಂಟೆಗೆ 60 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಬೇಕು. ಬಾಳೆಹಣ್ಣು, ಬೆಲ್ಲ, ಉಪ್ಪು ಹಾಕಿದ ಪುನರ್ಪುಳಿ (ಕೋಕಂ) ಶರಬತ್ತು, ಹೊಟ್ಟೆ ಯಾವುದಕ್ಕೆ ಒಪ್ಪುತ್ತದೆ ಎಂದು ಇಲ್ಲೇ ನೋಡಿಕೊಂಡೆ.

ಇನ್ನು ದೂರು. ಎರಡನೇ ಮಳೆಗಾಲಕ್ಕೇ ಲಿವರಿನ ಕೇಬಲ್ ತುಕ್ಕು ಹಿಡಿದು ಭಾರ ಒಂದೇ ಮೆಟ್ಟಿಲಲ್ಲಿ ಕಚ್ಚಿಕೊಂಡಿತು. ಕಂಪನಿಗೆ ಫೋನ್ ಮಾಡಿದರೆ, ಬಿಡಿ ಭಾಗ ಕೊಡುವುದಿಲ್ಲ, ಭಾರದ ಯೂನಿಟ್ ಪೂರ್ತಿ ಬದಲಿಸಿ ಎಂದರು. ವಾರಂಟಿಯಲ್ಲಿ ತುಕ್ಕು ಬರುವುದಿಲ್ಲವಂತೆ. ಕರಾವಳಿಗೆ ಮಾರುವ ಕಬ್ಬಿಣದ ಸಾಮಾನಿಗೆ ತುಕ್ಕೇ ವಾರಂಟಿಯ ಹೊರಗೆ! ಕೊನೆಗೆ ಸೈಕಲ್ ಅಂಗಡಿಯಲ್ಲಿ ಮಾಮೂಲಿ ಗೇರ್ ಕೇಬಲ್ ತಂದು, ಅಳತೆಗೆ ಕತ್ತರಿಸಿ ಹಾಕಿದೆ. ಇವತ್ತಿನವರೆಗೂ ಓಡುತ್ತಿದೆ.

ಬೆವರು ಇನ್ನೂ ದೊಡ್ಡ ಶತ್ರು. ತುಳಿಯುವಾಗ ಅದು ಮೂಗಿನ ತುದಿಯಿಂದ ನೇರ ಹ್ಯಾಂಡಲ್‌ನ ಬೋಲ್ಟುಗಳ ಮೇಲೆ ತೊಟ್ಟಿಕ್ಕುತ್ತದೆ. ಅಲೆನ್ ಕೀ ಹಾಕುವ ತೂತಿನಲ್ಲಿ ನಿಂತು ಅಲ್ಲೇ ತಿನ್ನಲು ಶುರು ಮಾಡುತ್ತದೆ. ಹಳೆ ಬೈರಾಸು (ಟವೆಲ್) ಒಂದನ್ನು ಹ್ಯಾಂಡಲಿಂದ ಸೀಟಿನವರೆಗೆ ಕಟ್ಟಿ, ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಸೈಕಲ್ ಒರೆಸಿ, ಬೋಲ್ಟಿಗೆ ಒಂದು ಚೂರು ಗ್ರೀಸ್ ಹಚ್ಚಿ. ಟಯರೂ ಸವೆಯುತ್ತದೆ. ರೋಲರ್ ಕೆಳಗೆ ಕಪ್ಪು ಹುಡಿ ಬಿದ್ದು, ಸುಟ್ಟ ರಬ್ಬರ್ ವಾಸನೆ ಬಂದರೆ ಟಯರ್ ಜಾರುತ್ತಿದೆ, ತಿರುಪು ಬಿಗಿ ಸಾಲದು ಎಂದು ತಿಳಿಯಿರಿ. ಹಳೆ ಟಯರ್ ಒಂದನ್ನು ಇದಕ್ಕೇ ಇಟ್ಟುಕೊಂಡರೆ ಒಳ್ಳೆಯದು.

ಮಳೆ ಬಿಡುವಾದ ಕೂಡಲೇ ಟ್ರೈನರ್ ಅಟ್ಟಕ್ಕೆ ಹೋಗಬೇಕು. ಗೋವಾದ ಸೈಕಲ್ ದಾರಿಯಲ್ಲಿ ಯೂ ಟರ್ನ್ ಇದೆ, ಓಡುತ್ತಲೇ ಬಾಟಲಿ ಎಳೆದು ಕುಡಿಯಬೇಕು, ಪಕ್ಕದಲ್ಲಿ ಬೇರೆಯವರು ದಾಟಿ ಹೋಗುತ್ತಾರೆ. ಇದ್ಯಾವುದನ್ನೂ ಕೊಟ್ಟಿಗೆ ಕಲಿಸುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ನಾನು ಏರು ಇಳಿತಕ್ಕೆ ನಂದಾರಪದವು–ಚೇವಾರು ಕಡೆಯ ಮಲೆನಾಡ ಹೆದ್ದಾರಿಗೆ ಹೋಗುತ್ತೇನೆ. ಚಪ್ಪಟೆ ದಾರಿಗೆ ಕಾಸರಗೋಡಿಂದ ಬೇಕಲ ದಾಟಿ ಕಾಞಂಗಾಡಿಗೆ ಹೋಗುವ ಕಡಲ ಬದಿಯ ರಸ್ತೆ, ಅದೂ ಬೆಳಕು ಹರಿಯುವಾಗ. ಈಜಿನ ವಿಷಯದಲ್ಲಿ ಟ್ರೈನರ್ ಏನೂ ಮಾಡುವುದಿಲ್ಲ. ಈಜು ಬಾರದವರು ಈ ಹಣವನ್ನು ಮೊದಲು ಈಜುಕೊಳದ ಫೀಸಿಗೆ ಕೊಡಿ, ಟ್ರೈನರ್ ಮುಂದಿನ ವರ್ಷ ನೋಡಿದರಾಯಿತು.

ಕೊಳ್ಳುವ ಮೊದಲು ನಿಮ್ಮ ಸೈಕಲ್‌ನ ಹಿಂದಿನ ಆಕ್ಸಲ್ ನೋಡಿ. ನನ್ನದು ಹಳೆ ಅಲ್ಯೂಮಿನಿಯಂ ಸೈಕಲ್, ಲಿವರ್ ತಿರುಗಿಸಿ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಇತ್ತು, ತೊಂದರೆಯಾಗಲಿಲ್ಲ. ಟ್ರೈನರ್ ಜತೆ ಬರುವ ಉಕ್ಕಿನ ಸ್ಕ್ಯೂವರನ್ನೇ (ಆಕ್ಸಲ್ ಒಳಗೆ ತೂರಿಸುವ ಸರಳು) ಹಾಕಿ ಕೂರಿಸಬೇಕು. ಈಗಿನ ಡಿಸ್ಕ್ ಬ್ರೇಕ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಫ್ರೇಮಿಗೇ ತಿರುಪಿ ಕೂರಿಸುವ ದಪ್ಪನೆಯ ಥ್ರೂ ಆಕ್ಸಲ್ ಇರುತ್ತದೆ, ಅದಕ್ಕೆ ಅಡಾಪ್ಟರ್ ಬೇರೆ ತಗೊಳ್ಳಬೇಕು. ಕಾರ್ಬನ್ ಫ್ರೇಮ್ ಆದರೆ ಇಂಥ ಸ್ಟ್ಯಾಂಡಿಗೆ ಹಾಕಬಹುದೇ ಎಂದು ಸೈಕಲ್ ಮಾರಿದವರ ಹತ್ತಿರ ಕೇಳಿಯೇ ಆರ್ಡರ್ ಮಾಡಿ.