ಒಂದೇ ಎತ್ತು, ನಾಲ್ಕು ಸಲ: ಮಣ್ಣು, ಪಿಒಪಿ, ಕಾಗದ, ಕಲ್ಲು

ಈ ವರ್ಷ ಆರ್ಟ್ ಕ್ಲಾಸಿನಲ್ಲಿ ನಾನು ಒಂದೇ ಎತ್ತನ್ನು ನಾಲ್ಕು ಸಲ ಮಾಡಿದೆ. ಗೆಳತಿಯರು ಒಮ್ಮೆ ಮುಖ, ಒಮ್ಮೆ ಕೈ, ಒಮ್ಮೆ ನವಿಲು ಅಂತ ಬದಲಿಸುತ್ತಾ ಹೋದರು. ನನಗೆ ಹೊಸದೇನೂ ಹೊಳೆಯಲಿಲ್ಲ, ಅಷ್ಟೇ. ಆದರೆ ಅದೇ ಉಪಯೋಗಕ್ಕೆ ಬಂತು. ಆಕಾರ ಒಂದೇ ಆಗಿದ್ದರಿಂದ ಕೆಟ್ಟಿದ್ದು ನನ್ನ ಕೈಯಿಂದಲೋ, ಸಾಮಾನಿನಿಂದಲೋ ಅಂತ ಗೊತ್ತಾಗುತ್ತಿತ್ತು.

ಎತ್ತೇ ಯಾಕೆ ಅಂತ ನಮ್ಮ ಬಾಗಲಕೋಟೆ ಕಡೆಯವರು ಕೇಳುವುದಿಲ್ಲ. ಕಾರ ಹುಣ್ಣಿಮೆ ಮುಗಿದು ಬರುವ ಅಮಾವಾಸ್ಯೆಗೆ ಮನೆಮನೆಯಲ್ಲಿ ಮಣ್ಣೆತ್ತು ಮಾಡುತ್ತೇವೆ. ಜೋಡೆತ್ತು, ಮುಂದೊಂದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ. ನಮ್ಮ ಮನೆಯಲ್ಲಿ ಕಣ್ಣಿಗೆ ಕುಸುಬಿ ಕಾಳು ಚುಚ್ಚುವ ಕೆಲಸ ಚಿಕ್ಕಂದಿನಿಂದ ನನ್ನದೇ. ಹಾಗಾಗಿ ಮಣ್ಣಂತೂ ನನಗೆ ಬರುತ್ತದೆ ಅಂತ ಸ್ವಲ್ಪ ಜಾಸ್ತಿಯೇ ಧೈರ್ಯ ಇತ್ತು.

ಆ ಧೈರ್ಯ ಮೂರು ದಿನ ಇತ್ತು. ಹೊಲದ ಎರೆಮಣ್ಣು (ಕಪ್ಪು ಮಣ್ಣು) ತಂದು, ಎತ್ತು ನಿಲ್ಲಲಿ ಅಂತ ಕಾಲೊಳಗೆ ದಪ್ಪ ತಂತಿ ಇಟ್ಟು, ಒಂದು ಮೊಳದಷ್ಟು ಉದ್ದ ಮಾಡಿದೆ. ಮೂರನೇ ದಿನ ಬಟ್ಟೆ ತೆಗೆದರೆ ನಾಲ್ಕೂ ಕಾಲಿನಲ್ಲಿ ಉದ್ದಕ್ಕೆ ಬಿರುಕು. ಸುಮ್ನೆ ಅಲ್ಲಲ್ಲಿ ಒಡೆದದ್ದಲ್ಲ. ತಂತಿ ಎಲ್ಲಿತ್ತೋ ಸರಿಯಾಗಿ ಅದೇ ಗೆರೆಯಲ್ಲಿ, ಸೀಳಿದ ಹಾಗೆ. ಮಾಸ್ತರು ನೋಡಿ, "ಏನವಾ ತಂಗಿ, ನಿನ್ನ ಎತ್ತು ಪ್ಯಾಂಟ್ ಹರಕೊಂಡೈತಲ್ಲ" ಅಂದರು. ಎಲ್ಲರೂ ನಕ್ಕ ಮೇಲೆ ಕಾರಣ ಹೇಳಿದರು. ಮಣ್ಣು ಒಣಗುತ್ತಾ ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ. ಕುಗ್ಗಲು ಜಾಗ ಸಿಗದ ಮಣ್ಣು ತಂತಿಯ ಮೇಲೆಯೇ ಹರಿಯುತ್ತದೆ. ಅದರಲ್ಲೂ ಎರೆಮಣ್ಣು ನೀರು ಕುಡಿದು ಉಬ್ಬುವುದೂ ಜಾಸ್ತಿ, ಒಣಗಿ ಬಿರಿಯುವುದೂ ಜಾಸ್ತಿ. ಬೇಸಿಗೆಯಲ್ಲಿ ಹೊಲದ ತುಂಬ ಕಾಣುವ ಆ ಬಿರುಕುಗಳೇ ನನ್ನ ಎತ್ತಿನ ಕಾಲಲ್ಲೂ ಇದ್ದವು.

ಮಣ್ಣಿನದನ್ನೇ ಮತ್ತೆ ಮಾಡಲು ಕುಂಬಾರರ ಮನೆಯಿಂದ ಹದ ಮಾಡಿದ ಮಣ್ಣು ತಂದೆ. ಜರಡಿ ಹಿಡಿದ ಮರಳು ಬೆರೆಸಿದೆ, ತಂತಿ ಬಿಟ್ಟೆ, ಕಾಲು ಗಿಡ್ಡ ಮಾಡಿದೆ. ಕೊಂಬು, ಕಿವಿ ಅಂಟಿಸುವಾಗ ಎರಡೂ ಕಡೆ ಗೀರಿ, ನಡುವೆ ತೆಳು ಕೆಸರು ಬಳಿದೆ. ಆವಿಗೆಯಲ್ಲಿ ಸುಡಬೇಕಾದರೆ ಒಳಗೆ ಪೊಳ್ಳು ಇರಬೇಕು. ದಪ್ಪ ಮಣ್ಣಿನಲ್ಲಿ ಉಳಿದ ಹಸಿ ಉಗಿಯಾಗಿ ಸಿಡಿಯುತ್ತದೆ. ಹೊಟ್ಟೆಯನ್ನು ಕೆಳಗಿನಿಂದ ಚಮಚದಿಂದ ಕೆರೆದು ತೆಗೆದೆ. ಬಾಲದ ಕೆಳಗೆ ಒಂದು ತೂತು ಬಿಟ್ಟೆ, ಎಲ್ಲಿ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಎತ್ತು ಕೆಂಪಗೆ, ಇಡಿಯಾಗಿ ಹೊರಬಂತು.

ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಗ್ಗೆ ನನಗೆ ಒಳ್ಳೆ ಮಾತಿಲ್ಲ. ಎಲ್ಲರೂ ಸುಲಭ ಅಂತಾರೆ. ಮೊದಲ ಹತ್ತು ನಿಮಿಷ ಸುಲಭವೇ. ನಾನು ಪುಡಿಗೆ ನೀರು ಸುರಿದೆ, ಗಂಟುಗಂಟಾಯಿತು. ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸಬೇಕಂತೆ. ಗಂಟು ಒಡೆಯುತ್ತಾ ಕೂತಾಗಲೇ ಬಕೆಟ್ ಕೈಗೆ ಬೆಚ್ಚಗೆ ಹತ್ತಿತು. ಜಿಪ್ಸಮ್ಮನ್ನು ಬಿಸಿ ಮಾಡಿ ನೀರು ಓಡಿಸಿದ ಪುಡಿ ಅದು. ಮತ್ತೆ ನೀರು ಸೇರಿದಾಗ ಕಾವು ಬಿಟ್ಟು ಕಲ್ಲಾಗುತ್ತದೆ. ನನ್ನ ಬಕೆಟ್ಟಿನಲ್ಲೇ ಕಲ್ಲಾಯಿತು. ಉಳಿದದ್ದನ್ನು ಸಿಂಕಿಗೆ ಸುರಿಯಲು ಹೋದ ಒಬ್ಬಳನ್ನು ಮಾಸ್ತರು ಓಡಿ ಬಂದು ತಡೆದರು, ಇಲ್ಲದಿದ್ದರೆ ಪೈಪೂ ಕಲ್ಲಾಗುತ್ತಿತ್ತು.

ಆಮೇಲೆ ಪಿಒಪಿಯದೇ ಅಚ್ಚಿಗೆ ಹೊಯ್ದು ಮಾಡಿದ್ದು ನಯವಾಗಿ ಬಂತು, ನಿಜ. ಆದರೆ ಕೊಂಬು ಅಚ್ಚಿನಲ್ಲಿ ಸಿಕ್ಕಿಕೊಂಡು ಮುರಿಯಿತು. ಬಿಳಿ ಎತ್ತು, ಬೋಳು ತಲೆ, ಎಲ್ಲೂ ಬೆರಳಿನ ಗುರುತಿಲ್ಲ. ನನ್ನದು ಅನ್ನಿಸಲೇ ಇಲ್ಲ.

ಕಾಗದದ್ದು ಅಜ್ಜಿಯ ವಿದ್ಯೆ. ಹಳೆ ಪೇಪರನ್ನು ಎರಡು ರಾತ್ರಿ ನೆನೆಸಿ, ರುಬ್ಬಿ, ಹಿಂಡಿ, ನೆನೆಸಿ ಅರೆದ ಮೆಂತ್ಯ ಸೇರಿಸಿ ಕಲಸುವುದು. ಹೀಗೇ ಅವರ ಕಾಲದಲ್ಲಿ ಬುಟ್ಟಿ ಮಾಡುತ್ತಿದ್ದರು. ಕೊಪ್ಪಳ ಕಡೆಯ ಕಿನ್ನಾಳದ ಗೊಂಬೆಗಳಲ್ಲಿ ಹುಣಸೆ ಬೀಜದ ಅಂಟು ಬಳಸುವಂತೆ ನಮ್ಮಲ್ಲಿ ಮೆಂತ್ಯ. ಇದಕ್ಕೆ ತಂತಿ ಇಟ್ಟರೂ ಬಿರುಕಿಲ್ಲ, ಯಾಕೆಂದರೆ ಕಾಗದದ ನಾರು ಹಿಡಿದುಕೊಳ್ಳುತ್ತದೆ. ನಾಲ್ಕು ಕಾಲಿನ ಮೇಲೆ ತಲೆಯೆತ್ತಿ ನಿಂತ ಎತ್ತು ನನಗೆ ಸಿಕ್ಕಿದ್ದು ಇದರಲ್ಲಿ ಮಾತ್ರ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಕಣ್ಣು, ಮೂಗಿನಂಥ ಸಣ್ಣ ಕೆಲಸ ಮಾತ್ರ ಕೂಡಿಬರುವುದಿಲ್ಲ, ಮುಖ ಮುದ್ದೆಯ ಹಾಗೇ ಉಳಿಯಿತು. ಒಣಗಲು ಆರು ದಿನ ಬೇಕಾಯಿತು. ಮಳೆಗಾಲದಲ್ಲಾದರೆ ಬೂಸಲು ಗ್ಯಾರಂಟಿ.

ಕಲ್ಲಿನ ಮುಂದೆ ಈ ಮೂರೂ ಆಟ ಅನ್ನಿಸಿತು. ಇಳಕಲ್ಲಿನ ಕೆಂಪು ಗ್ರಾನೈಟ್ ನಮ್ಮ ಕೈಗೆ ಬಗ್ಗುವುದಲ್ಲ ಅಂತ ಮಾಸ್ತರು ಮರಳುಗಲ್ಲಿನ ತುಂಡು ಕೊಟ್ಟರು. ಮುಖಕ್ಕೆ ಮಾಸ್ಕ್ ಕಡ್ಡಾಯ, ಆ ಧೂಳು ಶ್ವಾಸಕೋಶದಲ್ಲಿ ಕೂತರೆ ಹೋಗುವುದಿಲ್ಲ. ಮಣ್ಣಿನಲ್ಲಿ ತಪ್ಪಾದರೆ ಒಂದು ಚಿಟಿಕೆ ಮೆತ್ತಬಹುದು. ಇಲ್ಲಿ ಉಳಿ ಒಂದು ಸಲ ಜಾರಿದರೆ ಅದು ಹೋದದ್ದೇ. ಪದರದ ಗುಂಟ ಹೊಡೆದು ನಾನು ಒಂದು ಕಿವಿ ಪೂರ್ತಿ ಕಳೆದೆ.

ಆ ವಾರ ಬಾದಾಮಿಗೆ ಹೋದೆವು. ಎಷ್ಟೋ ಸಲ ನೋಡಿದ ಜಾಗ, ಆದರೆ ಉಳಿ ಹಿಡಿದ ಮೇಲೆ ಬೇರೆಯೇ ಕಾಣಿಸಿತು. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಬಳಿ ನಂದಿ ನಿಂತಿದೆ, ಹಿಂದೆ ಬಂಡೆ ಆಸರೆಯಾಗಿದೆ. ಮೂರನೇ ಗುಹೆಯ ಶಾಸನ 578ರದ್ದು. ಅಂದರೆ ಕಿವಿ ಮುರಿಯದೆ ಕೆತ್ತುವುದು ಆಗಲೇ ಗೊತ್ತಿತ್ತು. ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಕರಿ ನಂದಿ ಕಾಲು ಮಡಚಿ ಕೂತಿದೆ. ಕೂತ ನಂದಿಗೆ ಶಾಸ್ತ್ರದ ಕಾರಣ ಇರಬಹುದು. ನನಗೆ ಕಂಡದ್ದು ಇಷ್ಟು: ಅಷ್ಟು ಭಾರದ ಮೈಯನ್ನು ನಾಲ್ಕು ಸಣ್ಣ ಕಲ್ಲಿನ ಕಾಲುಗಳ ಮೇಲೆ ನಿಲ್ಲಿಸುವುದು ಸುಮ್ನೆ ಮಾತಲ್ಲ. ಊರಿಗೆ ಬಂದು ನನ್ನ ಎತ್ತನ್ನೂ ಕೂರಿಸಿಬಿಟ್ಟೆ. ಒಂದೇ ಕಿವಿ ಇದ್ದರೂ ನಾಲ್ಕರಲ್ಲಿ ಅದೇ ಗಟ್ಟಿ ಎತ್ತು.

ಪ್ರಾಜೆಕ್ಟಿಗೆ ಎರಡು ವಾರ ಮಾತ್ರ ಇದ್ದರೆ ಕುಂಬಾರ ಮಣ್ಣೇ ತಗೊಳ್ಳಿ. ಮನೆಯಲ್ಲಿ ಇಟ್ಟುಕೊಳ್ಳಲು, ಬಸ್ಸಿನಲ್ಲಿ ಒಯ್ಯಲು ಕಾಗದ. ಕಲ್ಲಿಗೆ ಇಡೀ ಸೆಮಿಸ್ಟರ್ ಬೇಕು, ಜೊತೆಗೆ ಸಿಟ್ಟು ಬರದ ಸ್ವಭಾವ.

ಪಿಒಪಿಯನ್ನು ಪಟ್ಟಿಯಿಂದಲೇ ಹೊಡೆದುಹಾಕಿದ್ದೆ. ಆದರೆ ಈ ಸಲದ ಅಮಾವಾಸ್ಯೆಗೆ ಓಣಿಯ ಹುಡುಗರು ಬಂದು, "ಅಕ್ಕಾ, ನಿನ್ನ ಹತ್ರ ಎತ್ತಿನ ಅಚ್ಚು ಐತಂತಲ್ಲ" ಅಂದರು. ಮೂಲೆಯಲ್ಲಿ ಬಿದ್ದಿದ್ದ ಪಿಒಪಿ ಅಚ್ಚಿಗೆ ಹಸಿ ಮಣ್ಣು ಒತ್ತಿದೆ. ಅಚ್ಚು ಮಣ್ಣಿನ ನೀರು ಹೀರಿಕೊಂಡಿತು. ಸ್ವಲ್ಪ ಹೊತ್ತಿಗೆ ಎತ್ತು ತಾನಾಗಿ ಬಿಟ್ಟುಬಂತು. ಕೊಂಬು ಇರಲಿಲ್ಲ, ಹುಡುಗರೇ ಕೈಯಲ್ಲಿ ಹೊಸೆದು ಅಂಟಿಸಿದರು. ಸಂಜೆಯೊಳಗೆ ಹನ್ನೊಂದು ಜೋಡಿ ಆದವು. ಕುಸುಬಿ ಕಾಳು ಸಾಲದೆ ಕೊನೆಯ ಎರಡು ಜೋಡಿಗೆ ಜೋಳ ಚುಚ್ಚಿದೆವು.