"ರಾಗ ಒಂದೇ ಮೇಡಂ" ಅಂದವನಿಗೆ 60,000 ಕೊಟ್ಟೆ, ನೀವು ಕೊಡಬೇಡಿ

ಸ್ವಂತ ಹಾಡು ಮಾಡಿಸಬೇಕು ಅಂತ ಯಾರಾದರೂ ದುಡ್ಡು ಕೂಡಿಡುತ್ತಿದ್ದರೆ ದಯವಿಟ್ಟು ಇದನ್ನು ಓದಿ. ಮೂರು ವಾರದಿಂದ ಬರೆಯಬೇಕು ಅಂದುಕೊಂಡು, ನಾಚಿಕೆಯಿಂದ ಸುಮ್ಮನಿದ್ದೆ. ಸ್ಟಾಫ್ ರೂಮಿನಿಂದ ಹಿಡಿದು ಹಾಲಿನ ಡೈರಿ ತನಕ ಎಲ್ಲರಿಗೂ "ನಮ್ಮ ಹಾಡು ಬರ್ತಿದೆ" ಅಂತ ಹೇಳಿಕೊಂಡು ಓಡಾಡಿದವಳು ನಾನು. ಈಗ ಅದೇ ಬಾಯಲ್ಲಿ, ಕದ್ದ ಟ್ಯೂನಿಗೆ ದುಡ್ಡು ಕೊಟ್ಟು ಮೋಸ ಹೋದೆ ಅಂತ ಹೇಳಬೇಕು.

ನಾನು ಹಾಸನದ ಕಡೆ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ತಮ್ಮ ಆರ್ಕೆಸ್ಟ್ರಾದಲ್ಲಿ ಹಾಡುತ್ತಾನೆ. ಎಷ್ಟು ದಿನ ಬೇರೆಯವರ ಹಾಡೇ ಹಾಡೋದು, ನೀನು ಬರಿ ಅಕ್ಕ, ನಾನು ಹಾಡ್ತೀನಿ ಅಂದ. 2025ರ ರಾಜ್ಯೋತ್ಸವಕ್ಕೆ ಬಿಡೋಣ ಅಂತ ತೀರ್ಮಾನ ಆಯಿತು. ಹಾಸನದಲ್ಲೇ ಮನೆ ಮಹಡಿ ಮೇಲೆ ಸ್ಟುಡಿಯೋ ಇಟ್ಟುಕೊಂಡ ಒಬ್ಬ ಮ್ಯೂಸಿಕ್ ಪ್ರೋಗ್ರಾಮರ್, ಅಂದರೆ ಕಂಪ್ಯೂಟರಿನಲ್ಲಿ ಹಾಡಿಗೆ ಸಂಗೀತ ಕೂಡಿಸುವವನು, ಸಿಕ್ಕ. ಟ್ಯೂನ್, ಪ್ರೋಗ್ರಾಮಿಂಗ್, ವಾಯ್ಸ್ ರೆಕಾರ್ಡಿಂಗ್, ಮಿಕ್ಸಿಂಗ್ ಎಲ್ಲ ಸೇರಿ 60,000. ಅಡ್ವಾನ್ಸ್ 25,000, ಉಳಿದದ್ದು ಫೈನಲ್ ಟ್ರ್ಯಾಕ್ ಕೊಟ್ಟಾಗ. ನನ್ನ ಚೀಟಿ ದುಡ್ಡು ಅದು. "ಟ್ಯೂನ್ ಒರಿಜಿನಲ್ ತಾನೇ?" ಅಂತ ನಾನು ಕೇಳಿದ್ದೆ. ಕೇಳಿಯೇ ಇಲ್ಲ ಅಂತಲ್ಲ, ಕೇಳಿದ್ದೆ. "ಮೇಡಂ, ನಿಮ್ಮ ತಮ್ಮನ ವಾಯ್ಸ್ ಕೇಳಿ ರಾತ್ರಿ ಎರಡು ಗಂಟೆಗೆ ಎದ್ದು ಮಾಡಿದ ಟ್ಯೂನ್ ಇದು" ಅಂದಿದ್ದ.

ಅವನು ಕೀಬೋರ್ಡಿನಲ್ಲಿ ನುಡಿಸಿ, "ಲಾ ಲಾ" ಅಂತ ಹಾಡಿ ವಾಟ್ಸಾಪ್‌ನಲ್ಲಿ ಟ್ಯೂನ್ ಕಳಿಸಿದ. ಟ್ಯೂನಿಗೆ ಸಾಹಿತ್ಯ ಬರೆಯೋದು ಎಷ್ಟು ಕಷ್ಟ ಅಂತ ಬರೆದವರಿಗೆ ಗೊತ್ತು. ಮಾತ್ರೆ ಎಣಿಸಿ ಎಣಿಸಿ ಕೂರಿಸಬೇಕು. ಪಲ್ಲವಿಯ ಎರಡನೇ ಸಾಲಿನ ಕೊನೆಯಲ್ಲಿ ಟ್ಯೂನು ಒಂದು ಕ್ಷಣ ನಿಲ್ಲುತ್ತಿತ್ತು. ಅಲ್ಲಿ ಎರಡೇ ಮಾತ್ರೆಯ ಒಂದು ಪದ ಬೇಕು, ಜಾಸ್ತಿ ಆದರೆ ಎಡವುತ್ತೆ. ಆ ಒಂದು ಪದಕ್ಕೆ ನಾಲ್ಕು ದಿನ ಹಿಡಿಯಿತು. ಕೊನೆಗೆ ಬೆಳಿಗ್ಗೆ ದೋಸೆ ಹುಯ್ಯುವಾಗ "ಮಳೆ" ಅಂತ ಹೊಳೆದು, ಕಾವಲಿ ಮೇಲಿನ ದೋಸೆ ಹಾಗೇ ಬಿಟ್ಟು ತಮ್ಮನಿಗೆ ಫೋನ್ ಮಾಡಿದ್ದೆ. ಕಣ್ಣಲ್ಲಿ ನೀರು ಬಂದಿತ್ತು ನನಗೆ.

ಸಕಲೇಶಪುರದ ಕಡೆ ಹೋಗಿ ವಿಡಿಯೋ ಮಾಡಿಸಿದೆವು, ಅದಕ್ಕೆ ಇನ್ನೂ 40,000. ನವೆಂಬರ್ 1ಕ್ಕೆ ಹಾಡು ಯೂಟ್ಯೂಬ್‌ಗೆ ಹೋಯಿತು. ಶಾಲೆಯ ಮಕ್ಕಳೆಲ್ಲ ಹಾಡುತ್ತಿದ್ದರು.

ಒಂಬತ್ತನೇ ದಿನ, ಭಾನುವಾರ. ನಾದಿನಿಯ ಮಗಳು ಹಾಸ್ಟೆಲ್ಲಿನಿಂದ ಗೆಳತಿಯನ್ನು ಊಟಕ್ಕೆ ಕರೆದುಕೊಂಡು ಬಂದಿದ್ದಳು. ತ್ರಿಶೂರಿನ ಹುಡುಗಿ, ನರ್ಸಿಂಗ್ ಓದುತ್ತಿದ್ದಾಳೆ. ನಾನೇ ಹೆಮ್ಮೆಯಿಂದ ಟೀವಿಗೆ ಹಾಡು ಹಾಕಿದೆ. ಪಲ್ಲವಿ ಶುರುವಾದ ತಕ್ಷಣ ಆ ಹುಡುಗಿ ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ ಮಲಯಾಳಂನಲ್ಲಿ ಹಾಡಲು ಶುರು ಮಾಡಿದಳು. ನಮ್ಮ ಹಾಡಿನ ಜೊತೆಗೆ ಅಲ್ಲ, ನಮ್ಮ ಹಾಡಿಗಿಂತ ಮುಂದೆ. ತಮ್ಮನ ದನಿ ಮೇಲಕ್ಕೆ ಹೋಗುವ ಮೊದಲೇ ಅವಳು ಮೇಲಕ್ಕೆ ಹೋಗುತ್ತಿದ್ದಳು. ಎರಡನೇ ಸಾಲಿನ ಕೊನೆಗೆ ಬಂದು ನಿಂತಳು. ಸರಿಯಾಗಿ ಅದೇ ಜಾಗದಲ್ಲಿ ನಿಂತು, ಎರಡಕ್ಷರದ ಒಂದು ಪದ ಹೇಳಿದಳು.

"ಆಂಟಿ, ಈ ಹಾಡು ಕನ್ನಡದಲ್ಲೂ ಇದ್ಯಾ?" ಅಂತ ಕೇಳಿದಳು. ಪಾಪ, ಅವಳಿಗೆ ಏನೂ ಗೊತ್ತಿಲ್ಲ. ಖುಷಿಯಿಂದ ಕೇಳಿದ್ದು. ನಾನು ಅನ್ನದ ಪಾತ್ರೆ ಹಿಡಿದು ನಿಂತೇ ಇದ್ದೆ.

ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಅದೇ ಜಾಗಕ್ಕೆ. ಆ ನಿಲುಗಡೆ ನನ್ನ ಪದಕ್ಕಾಗಿ ಬಿಟ್ಟ ಜಾಗ ಅಂತ ನಂಬಿದ್ದೆ. ಅಲ್ಲ. ಬೇರೆ ಯಾರೋ, ಬೇರೆ ಭಾಷೆಯಲ್ಲಿ, ವರ್ಷಗಳ ಹಿಂದೆ ಬರೆದ ಪದದ ಅಳತೆಗೆ ಬಿಟ್ಟ ಜಾಗ ಅದು. ನಾಲ್ಕು ದಿನ ನಾನು ಇನ್ನೊಬ್ಬರ ಚಪ್ಪಲಿಗೆ ಕಾಲು ತೂರಿಸುತ್ತಿದ್ದೆ.

ಅವತ್ತು ರಾತ್ರಿ ಆ ಮಲಯಾಳಂ ಆಲ್ಬಂ ಹಾಡು ಹುಡುಕಿ, ಇಯರ್‌ಫೋನ್ ಹಾಕಿಕೊಂಡು ಕೂತೆ. ಜೂನಿಯರ್ ಪರೀಕ್ಷೆ ತನಕ ಸಂಗೀತ ಕಲಿತಿದ್ದೇನೆ, ಸ್ವರ ಬರೆಯೋಕೆ ಬರುತ್ತೆ. ನೋಟ್‌ಬುಕ್ಕಿನ ಎಡಕ್ಕೆ ಅವರದು, ಬಲಕ್ಕೆ ನಮ್ಮದು. ಮೊದಲ ಸಾಲಿನ ಹದಿನಾರು ಸ್ವರದಲ್ಲಿ ಹದಿನಾಲ್ಕು ಒಂದೇ. ಎರಡನೇ ಸಾಲು ಪೂರ್ತಿ ಒಂದೇ. ಚರಣದ ಏರಿಳಿತವೂ ಅದೇ. ಬೇರೆ ಏನಿತ್ತು ಗೊತ್ತಾ? ಶ್ರುತಿ ಒಂದು ಮನೆ ಮೇಲೆ, ವೇಗ ಸ್ವಲ್ಪ ಜಾಸ್ತಿ, ಗಿಟಾರ್ ಇದ್ದಲ್ಲಿ ಕೊಳಲು. ಅಷ್ಟೇ.

ಬೆಳಿಗ್ಗೆ ಆ ಪುಟದ ಫೋಟೋ ತೆಗೆದು ಅವನಿಗೆ ಕಳಿಸಿದೆ. ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನಿಮಗೂ ಇವೇ ಮಾತು ಬರುತ್ತವೆ.

"ರಾಗ ಒಂದೇ ಮೇಡಂ. ರಾಗಕ್ಕೆ ಕಾಪಿರೈಟ್ ಇಲ್ಲ."

"ಇರೋದೇ ಏಳು ಸ್ವರ, ಎಲ್ಲಿಂದ ಹೊಸದು ತರೋದು?"

"ಸ್ಕೇಲ್ ಬೇರೆ, ಟೆಂಪೋ ಬೇರೆ. ಕೋರ್ಟಲ್ಲಿ ನಿಲ್ಲಲ್ಲ."

"ಎಂಟು ಸೆಕೆಂಡ್ ತನಕ ತಗೋಬಹುದು, ರೂಲ್ಸ್ ಇದೆ."

ಶಾಲೆಯಿಂದ ಬಂದು ಫೋನ್ ಮಾಡಿದೆ. ದನಿ ಬದಲಾಗಿತ್ತು. "ರೆಹಮಾನ್ ಮೇಲೇ ಕೇಸ್ ಹಾಕಿದ್ರು ಮೇಡಂ, ಕೊನೆಗೆ ಏನಾಯ್ತು? ಕಾಂತಾರದ ಹಾಡಿಗೂ ಹಾಕಿದ್ರು, ವಾಪಸ್ ಬರಲಿಲ್ವಾ? ನೀವು ಟೀಚರ್, ನಿಮಗೆ ಇಂಡಸ್ಟ್ರಿ ಗೊತ್ತಾಗಲ್ಲ." ಆ ಕೊನೆಯ ಮಾತು ಕೇಳಿ ಫೋನ್ ಇಟ್ಟುಬಿಟ್ಟೆ.

ಇಂಡಸ್ಟ್ರಿ ಗೊತ್ತಿಲ್ಲ, ನಿಜ. ಅದಕ್ಕೇ ವಕೀಲರಾಗಿರೋ ಭಾವನ ಮುಂದೆ ಕೂತು ಒಂದೊಂದೇ ಮಾತು ಕೇಳಿದೆ.

ರಾಗಕ್ಕೆ ಹಕ್ಕು ಇಲ್ಲ ಅನ್ನೋದು ನಿಜ. ತೋಡಿ ಯಾರ ಅಪ್ಪನ ಆಸ್ತಿಯೂ ಅಲ್ಲ. ಆದರೆ ಆ ರಾಗದಲ್ಲಿ ಒಬ್ಬರು ಕಟ್ಟಿದ ಟ್ಯೂನ್ ಅವರದ್ದೇ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಸಂಗೀತ ಕೃತಿ ಬೇರೆ, ಸಾಹಿತ್ಯ ಬೇರೆ, ರೆಕಾರ್ಡಿಂಗ್ ಬೇರೆ. ಅಂದರೆ ಮಾತು ಪೂರ್ತಿ ನನ್ನದೇ ಆಗಿದ್ದರೂ ಟ್ಯೂನ್ ಕದ್ದದ್ದಾದರೆ ತಪ್ಪು ತಪ್ಪೇ. ಎಂಟು ಸೆಕೆಂಡಿನ ರೂಲ್ಸ್? ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಸುಮ್ನೆ ಬಾಯಿಂದ ಬಾಯಿಗೆ ಬಂದ ಸುಳ್ಳು. 2008ರಲ್ಲಿ ರಾಮ್ ಸಂಪತ್ ಅನ್ನೋ ಸಂಗೀತ ನಿರ್ದೇಶಕರು ತಮ್ಮ ಜಾಹೀರಾತಿನ ಸಣ್ಣ ಟ್ಯೂನನ್ನು ಹಿಂದಿ ಸಿನಿಮಾ ಕ್ರೇಜಿ 4 ಬಳಸಿಕೊಂಡಿದೆ ಅಂತ ಬಾಂಬೆ ಹೈಕೋರ್ಟಿಗೆ ಹೋದರು. ಕೋರ್ಟು ಸೆಕೆಂಡ್ ಲೆಕ್ಕ ಹಾಕಿ ಬಿಡಲಿಲ್ಲ. ಸಾಮಾನ್ಯ ಕೇಳುಗನ ಕಿವಿಗೆ ಹೇಗೆ ಕೇಳುತ್ತೆ ಅಂತ ನೋಡಿ ತಡೆ ಕೊಟ್ಟಿತು. ನಮ್ಮ ಮನೆಯಲ್ಲಿ ಆ ಸಾಮಾನ್ಯ ಕೇಳುಗಳು ಊಟಕ್ಕೆ ಬಂದ ನರ್ಸಿಂಗ್ ಹುಡುಗಿ.

ರೆಹಮಾನ್ ವಿಷಯ. ಹಿಂದೂಸ್ತಾನಿ ಸಂಗೀತಗಾರರಾದ ದಾಗರ್ ಮನೆತನದವರ ಶಿವಸ್ತುತಿಯನ್ನು ತಮ್ಮ ಹಾಡಿಗೆ ಬಳಸಿಕೊಂಡಿದ್ದಾರೆ ಅನ್ನೋ ಕೇಸಿನಲ್ಲಿ 2025ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2 ಕೋಟಿ ಠೇವಣಿ ಇಡಲು ಹೇಳಿತ್ತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಇಷ್ಟನ್ನೇ ಹಿಡಿದುಕೊಂಡು ಇವನು ಕುಣಿಯುತ್ತಿದ್ದ. ಆದರೆ ವಿಭಾಗೀಯ ಪೀಠ ಎರಡೂ ಒಂದೇ ಥರ ಇದ್ದರೂ ಪರವಾಗಿಲ್ಲ ಅಂದಿಲ್ಲ. ಆ ಸ್ತುತಿಯನ್ನು ಕಟ್ಟಿದವರು ದಾಗರ್ ಮನೆತನದವರೇ ಅನ್ನೋದು ಮೇಲ್ನೋಟಕ್ಕೆ ಸಾಬೀತಾಗಿಲ್ಲ ಅಂದಿತು. ನಮ್ಮ ಕೇಸಲ್ಲಿ ಟ್ಯೂನ್ ಯಾರದು ಅಂತ ಆ ಆಲ್ಬಂ ಮೇಲೇ ಅಚ್ಚಾಗಿದೆ.

ಕಾಂತಾರದ ವರಾಹ ರೂಪಂ ಸರಿಯೋ ತಪ್ಪೋ ನಾನು ಹೇಳಲ್ಲ. ಚಿತ್ರತಂಡ ರಾಗದ ಸಾಮ್ಯ ಅಷ್ಟೇ ಅಂದಿತ್ತು, ಹಾಡು ವಾಪಸ್ ಬಂದದ್ದೂ ನಿಜ. ಆದರೆ ಅದು ನಮ್ಮ ಹಾಡಿನ ನಕಲು ಅಂತ ಕೇರಳದ ಥೈಕ್ಕುಡಂ ಬ್ರಿಡ್ಜ್ ಬ್ಯಾಂಡಿನವರು ಕೋರ್ಟಿಗೆ ಹೋದಾಗ 2022ರಲ್ಲಿ ಅಷ್ಟು ದೊಡ್ಡ ಸಿನಿಮಾನೇ ಓಟಿಟಿಗೆ ಬೇರೆ ಟ್ಯೂನ್ ಹಾಕಿಕೊಂಡು ಬರಬೇಕಾಯಿತು. ಚಿತ್ರತಂಡಕ್ಕೆ ಕೋರ್ಟಿನಲ್ಲಿ ಹೋರಾಡೋ ಶಕ್ತಿ ಇತ್ತು. ನಮಗೆ ಎಲ್ಲಿದೆ?

ಕೇಳೋಕೆ ಒಂದೇ ಥರ ಇರೋದೆಲ್ಲ ಕಳ್ಳತನ ಅಲ್ಲ ಅಂತಲೂ ಭಾವ ಹೇಳಿದರು. 2023ರಲ್ಲಿ ಇಂಗ್ಲಿಷ್ ಗಾಯಕ ಎಡ್ ಶೀರನ್, ಬೇರೆಯವರ ಹಾಡು ನಕಲು ಮಾಡಿದ್ದಾರೆ ಅನ್ನೋ ಕೇಸನ್ನು ನ್ಯೂಯಾರ್ಕಿನ ಕೋರ್ಟಿನಲ್ಲಿ ಗೆದ್ದರು. ಎರಡೂ ಹಾಡಿನಲ್ಲಿದ್ದ ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಎಲ್ಲರೂ ಬಳಸೋ ಇಟ್ಟಿಗೆ ಇದ್ದ ಹಾಗೆ ಅನ್ನೋದು ಅವರ ವಾದ. ಅದೇ ಅಮೆರಿಕಾದಲ್ಲಿ 2015ರಲ್ಲಿ ಗಾಯಕ ಮಾರ್ವಿನ್ ಗೇ ಅವರ ಕುಟುಂಬದವರು ಅವರ ಹಾಡು ನಕಲು ಮಾಡಿದ್ದಾರೆ ಅಂತ ಗಾಯಕರಾದ ಫ್ಯಾರೆಲ್ ವಿಲಿಯಮ್ಸ್ ಮತ್ತು ರಾಬಿನ್ ಥಿಕ್ ವಿರುದ್ಧ ಗೆದ್ದರು, ಕೊನೆಗೆ ಸುಮಾರು 50 ಲಕ್ಷ ಡಾಲರ್ ಪರಿಹಾರ ಉಳಿಯಿತು. ಅಂದರೆ ಗೆರೆ ಎಲ್ಲಿದೆ ಅಂತ ದೊಡ್ಡವರಿಗೂ ಕಷ್ಟ. ಒಪ್ಪಿದೆ. ಆದರೆ ನಮ್ಮದು ಗೆರೆ ಮೇಲಿನ ಮಾತೇ ಅಲ್ಲ. ಹದಿನಾರಕ್ಕೆ ಹದಿನಾಲ್ಕು ಸ್ವರ. ಮಧ್ಯದ ಉಸಿರು ಕೂಡ ಅದೇ ಜಾಗದಲ್ಲಿ.

ನವೆಂಬರ್ ಕೊನೆಯ ವಾರ ಯೂಟ್ಯೂಬ್‌ನಿಂದ ಮೇಲ್ ಬಂತು. ಮೂಲ ಹಾಡಿನವರು ದೂರು ಕೊಟ್ಟಿದ್ದರು. ವಿಡಿಯೋ ತೆಗೆದರು, ಚಾನೆಲ್ ಮೇಲೆ ಒಂದು ಸ್ಟ್ರೈಕ್, ಅಂದರೆ ಕಾಪಿರೈಟ್ ತಪ್ಪಿನ ಎಚ್ಚರಿಕೆ. ಚಾನೆಲ್ ಯಾರ ಹೆಸರಲ್ಲಿ? ನನ್ನ ಹೆಸರಲ್ಲಿ. ಸ್ಟ್ರೈಕ್ ಬಂದದ್ದು ನನಗೆ, ಅವನಿಗಲ್ಲ. ಇದನ್ನು ಮತ್ತೆ ಓದಿ. ಟ್ಯೂನ್ ಕೊಟ್ಟವನಿಗೆ ಏನೂ ಆಗಿಲ್ಲ, ಅಪ್‌ಲೋಡ್ ಮಾಡಿದವಳಿಗೆ ಆಗಿದ್ದು.

ಅವನಿಗೆ ಹೇಳಿದರೆ, "ಕೌಂಟರ್ ಹಾಕಿ ಮೇಡಂ, ಹತ್ತು ದಿನ ಕಾಯಿರಿ, ತಾನೇ ವಾಪಸ್ ಬರುತ್ತೆ" ಅಂದ. ಕೌಂಟರ್ ಅಂದರೆ ಆ ದೂರು ತಪ್ಪು ಅಂತ ಯೂಟ್ಯೂಬ್‌ಗೆ ಬರೆದು ಕೊಡೋದು. ನಾನು ಹಾಕೋದರಲ್ಲೂ ಇದ್ದೆ. ಭಾವ ತಡೆದರು. ಅದರಲ್ಲಿ ನನ್ನ ಹೆಸರು, ಮನೆ ವಿಳಾಸ ಕೊಟ್ಟು, ಹೇಳಿದ್ದು ಸುಳ್ಳಾದರೆ ಕಾನೂನಿನ ಪ್ರಕಾರ ನಾನೇ ಹೊಣೆ ಅಂತ ಒಪ್ಪಿ ಸಹಿ ಹಾಕಬೇಕು. ಕದ್ದ ಟ್ಯೂನಿಗೆ ನಾನು ಸಹಿ ಹಾಕಬೇಕಿತ್ತು! ಆಮೇಲೆ ಅವನು ಹೇಳಿದ್ದು, "ಕವರ್ ಸಾಂಗ್ ಅಂತ ಹಾಕಿಬಿಡಿ." ಕವರ್ ಅಂದರೆ ಮೂಲ ಹಾಡನ್ನೇ ಹಾಡೋದು. ಅದಕ್ಕೂ ಮೊದಲೇ ತಿಳಿಸಿ, ರಾಯಲ್ಟಿ ಕಟ್ಟಬೇಕು. ಬೇರೆ ಸಾಹಿತ್ಯ ತುಂಬಿಸಿ ಕವರ್ ಅನ್ನೋ ಹಾಗಿಲ್ಲ.

ದುಡ್ಡು ವಾಪಸ್ ಕೊಡಪ್ಪ ಅಂದೆ. "ನೀವು ಓಕೆ ಮಾಡಿದ ಮೇಲೇ ಅಲ್ವಾ ಫೈನಲ್ ಮಾಡಿದ್ದು?" ಅಂತ ಒಂದು ಮೆಸೇಜ್. ಅದೇ ಕೊನೆ. ಬ್ಲಾಕ್ ಮಾಡಿದ. ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ, ಬರೀ ಫೋನ್ ಪೇ ರಶೀದಿ.

ಮಾಡಿಸುವವರಿಗೆ ನಾನು ಹೇಳೋದು ಇಷ್ಟು. ಅಡ್ವಾನ್ಸ್ ಕೊಡುವ ಮೊದಲು "ಈ ಟ್ಯೂನ್ ನನ್ನ ಸ್ವಂತದ್ದು, ತಕರಾರು ಬಂದರೆ ನಷ್ಟ ನನ್ನದು" ಅಂತ ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ಟ್ಯೂನ್ ಬಂದ ದಿನವೇ ಗೂಗಲ್‌ನಲ್ಲಿ ಗುನುಗಿ ನೋಡಿ, ಗುನುಗಿದರೆ ಹಾಡು ಹುಡುಕಿಕೊಡೋ ಸೌಲಭ್ಯ 2020ರಿಂದ ಇದೆ. ನಾನು ಆಮೇಲೆ ನೋಡಿದೆ, ಎರಡನೇ ಸಾಲಿಗೇ ಆ ಮಲಯಾಳಂ ಹಾಡು ಬಂತು. ಮೊದಲೇ ನೋಡಿದ್ದರೆ ನನ್ನ 35,000 ಆದರೂ ಉಳಿಯುತ್ತಿತ್ತು. ತಮಿಳು, ಮಲಯಾಳಂ, ತೆಲುಗು ಬರೋ ಕಾಲೇಜು ಮಕ್ಕಳಿಗೆ ಒಮ್ಮೆ ಕೇಳಿಸಿ.

ತಮ್ಮ ಆರ್ಕೆಸ್ಟ್ರಾಕ್ಕೆ ಎರಡು ವಾರ ಹೋಗಲಿಲ್ಲ. ಆ ಮೂಲ ಹಾಡಿನವರಿಗೆ ಆದದ್ದೆಲ್ಲ ಬರೆದು ಕ್ಷಮೆ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.

ನಿನ್ನೆ ತಂಗಿಯ ಫೋನಿನಲ್ಲಿ ಆ ಪ್ರೋಗ್ರಾಮರ್‌ನ ಸ್ಟೇಟಸ್ ನೋಡಿದೆ. ಹೊಸ ಹಾಡಿನ ರೆಕಾರ್ಡಿಂಗ್. ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗಿ ಮೈಕ್ ಮುಂದೆ ನಿಂತಿದ್ದಾಳೆ, ಪಕ್ಕದಲ್ಲಿ ಅವಳ ಅಪ್ಪ ಇರಬೇಕು, ಕೈಯಲ್ಲಿ ಸಾಹಿತ್ಯದ ಹಾಳೆ ಹಿಡಿದುಕೊಂಡು ನಗುತ್ತಿದ್ದಾರೆ. ಕೆಳಗೆ "ಒರಿಜಿನಲ್ ಕಂಪೋಸಿಷನ್" ಅಂತ ಬರೆದಿದ್ದ. ಅವರು ಯಾರು ಅಂತ ನನಗೆ ಗೊತ್ತಿಲ್ಲ. ಹಾಸನದ ಸುತ್ತಮುತ್ತ ಈಗ ಹಾಡು ಮಾಡಿಸುತ್ತಿರುವ ಅಪ್ಪ ಮಗಳು ಯಾರಾದರೂ ನಿಮಗೆ ಗೊತ್ತಿದ್ದರೆ, ಎರಡನೇ ಕಂತು ಕೊಡುವ ಮೊದಲು ಇದನ್ನು ಅವರಿಗೆ ತೋರಿಸಿ.